ಇಂಡಿಯಾನಾ ಮತ್ತೆ ಫೈನಲ್‌ನಲ್ಲಿ ಸೋತಿತು. ಈ ಹುಡುಗರಿಗೆ ‘ಮುಂದಿನ ಸಲ’ ಎಲ್ಲಿದೆ?

ಹಾಸನದ_ಹೂಸಿಯರ್ | ಡಿಸೆಂಬರ್ 13, 2022

ನಿನ್ನೆ ರಾತ್ರಿಯ ಕಾಲೇಜ್ ಕಪ್ ಫೈನಲ್, ಅಂದರೆ ಅಮೆರಿಕದ ಕಾಲೇಜ್ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಫೈನಲ್, ಯಾರಾದರೂ ನೋಡಿದಿರಾ? ಎಲ್ಲರೂ ಕತಾರ್ ವಿಶ್ವಕಪ್ ಗುಂಗಿನಲ್ಲಿದ್ದೀರಿ, ಗೊತ್ತು. ಮೆಸ್ಸಿ ಗೆಲ್ಲಲಿ ಅಂತ ನನಗೂ ಆಸೆ ಇದೆ. ಆದರೆ ನಿನ್ನೆಯಿಂದ ತಲೆ ತುಂಬ ಇಂಡಿಯಾನಾ ಯೂನಿವರ್ಸಿಟಿಯ ಹುಡುಗರೇ.

ಸ್ಕೋರ್ ಹೇಳಿಬಿಡುತ್ತೇನೆ. 2-2. ಎಕ್ಸ್‌ಟ್ರಾ ಟೈಮ್‌ನಲ್ಲೂ ಯಾರೂ ಗೋಲ್ ಹೊಡೆಯಲಿಲ್ಲ. ಪೆನಾಲ್ಟಿಯಲ್ಲಿ ಸಿರಾಕ್ಯೂಸ್ 7, ನಾವು 6. ಅವರಿಗೆ ಇದು ಮೊಟ್ಟಮೊದಲ ರಾಷ್ಟ್ರೀಯ ಪ್ರಶಸ್ತಿ. ನಮ್ಮ ಹತ್ತಿರ ಎಂಟಿವೆ, ಇದು ಒಂಬತ್ತನೆಯದು ಆಗಬೇಕಿತ್ತು.

ನಾನು ಪಿಎಚ್‌ಡಿಗೆ ಅಂತ ಈ ಯೂನಿವರ್ಸಿಟಿ ಇರುವ ಬ್ಲೂಮಿಂಗ್ಟನ್‌ಗೆ ಬಂದವಳು. ಬರುವಾಗ ಫುಟ್‌ಬಾಲ್ ಅಂದರೆ ಅಷ್ಟಕ್ಕಷ್ಟೆ. ಲ್ಯಾಬ್‌ನ ಗೆಳತಿ ಒಂದು ಸಂಜೆ ಬಿಲ್ ಆರ್ಮ್‌ಸ್ಟ್ರಾಂಗ್ ಸ್ಟೇಡಿಯಂಗೆ ಎಳೆದುಕೊಂಡು ಹೋದಳು. ಮೈದಾನದ ಸುತ್ತ ಸಿಂಡರ್ ಪುಡಿ ಹಾಕಿದ ಟ್ರ್ಯಾಕ್ ಇದೆ. ಏಪ್ರಿಲ್‌ನಲ್ಲಿ ಅದರ ಮೇಲೆಯೇ ಲಿಟಲ್ 500 ಸೈಕಲ್ ರೇಸ್ ನಡೆಯುತ್ತದೆ. ಅವತ್ತು ಮುಂದಿನ ಸಾಲಿನಲ್ಲಿ ಕೂತಿದ್ದೆವು. ಡಿಫೆಂಡರ್‌ಗಳು ಒಬ್ಬರಿಗೊಬ್ಬರು ಕೂಗಿ ಹೇಳುವುದೆಲ್ಲ ಕೇಳಿಸುತ್ತಿತ್ತು. ಟಿವಿಯಲ್ಲಿ ಆಟ ಮೌನವಾಗಿರುತ್ತದೆ ಅಲ್ವಾ, ಇಲ್ಲಿ ಹಾಗಲ್ಲ. ಪಂದ್ಯ ಮುಗಿಯುವವರೆಗೂ ಮಾತೇ ಮಾತು. ಆಮೇಲೆ ನಾನು ಬಿಡಲಿಲ್ಲ.

ನಿನ್ನೆಯ ಪಂದ್ಯಕ್ಕೆ ಬರುತ್ತೇನೆ. ಮೊದಲ ಗೋಲ್ ಸಿರಾಕ್ಯೂಸ್‌ನ ನೇತನ್ ಒಪೊಕು ಹೊಡೆದ. ನಮ್ಮ ಪ್ಯಾಟ್ರಿಕ್ ಮೆಕ್‌ಡೊನಾಲ್ಡ್ ಸಮ ಮಾಡಿದ. ನಾವು ಕುಣಿದು ಮುಗಿಸುವಷ್ಟರಲ್ಲಿ ಕರ್ಟ್ ಕಾಲೊವ್ ಮತ್ತೆ ಹೊಡೆದುಬಿಟ್ಟ. ಅದು ನನಗೆ ಇನ್ನೂ ಅರಗುತ್ತಿಲ್ಲ. ಸಮ ಮಾಡಿದ ತಕ್ಷಣದ ಎರಡು ನಿಮಿಷ ಹುಷಾರಾಗಿರಬೇಕು ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಸೆಕೆಂಡ್ ಹಾಫ್‌ನ ಕೊನೆಯ ಹೊತ್ತಿಗೆ ಹರ್ಬರ್ಟ್ ಎಂಡೆಲಿ 2-2 ಮಾಡಿದಾಗ ಪಂದ್ಯ ನಮ್ಮದೇ ಅನ್ನಿಸಿತು. ಓಟ, ಉಸಿರು, ಎಲ್ಲ ನಮ್ಮ ಕಡೆ ಇತ್ತು.

ಪೆನಾಲ್ಟಿ ತಪ್ಪಿದ ಹುಡುಗನ ಹೆಸರು ಇಲ್ಲಿ ಬರೆಯುವುದಿಲ್ಲ. ದಯವಿಟ್ಟು ನೀವೂ ಬರೆಯಬೇಡಿ.

ಆರು ವರ್ಷದಲ್ಲಿ ಇದು ಮೂರನೇ ಫೈನಲ್ ಸೋಲು. 2017ರಲ್ಲಿ ಇಡೀ ಸೀಸನ್ ಒಂದೂ ಪಂದ್ಯ ಸೋಲದೆ ಫೈನಲ್‌ಗೆ ಬಂದು, ಸ್ಟ್ಯಾನ್‌ಫರ್ಡ್ ಎದುರು 103ನೇ ನಿಮಿಷದಲ್ಲಿ 1-0. ಕೋವಿಡ್‌ನಿಂದ ಮುಂದೆ ಹೋದ 2020ರ ಟೂರ್ನಿಯ ಫೈನಲ್ ನಡೆದಿದ್ದು 2021ರ ಮೇನಲ್ಲಿ. ಮಾರ್ಷಲ್ ಎದುರು 98ನೇ ನಿಮಿಷದಲ್ಲಿ 1-0. ಎರಡೂ ಗೋಲ್ಡನ್ ಗೋಲ್. ಗೋಲ್ ಬಿದ್ದ ಕ್ಷಣಕ್ಕೇ ಆಟ ಮುಗಿಯಿತು, ವಾಪಸ್ ಹೊಡೆಯಲು ಅವಕಾಶವೇ ಇಲ್ಲ. ಈ ವರ್ಷದಿಂದ ಗೋಲ್ಡನ್ ಗೋಲ್ ತೆಗೆದು, ಟೂರ್ನಿಯಲ್ಲಿ ಹತ್ತು ಹತ್ತು ನಿಮಿಷದ ಎಕ್ಸ್‌ಟ್ರಾ ಟೈಮ್ ಪೂರ್ತಿ ಆಡಿಸಿದರು. ಆದರೂ ಸೋತೆವು.

ನನ್ನ ಪ್ರಶ್ನೆ ರೂಲ್ ಬಗ್ಗೆ ಅಲ್ಲ. ಬೆಂಗಳೂರು ಎಫ್‌ಸಿ ಸೋತರೆ ಮುಂದಿನ ವರ್ಷ ಬಹುತೇಕ ಅದೇ ಆಟಗಾರರು ಬಂದು ಸೇಡು ತೀರಿಸಿಕೊಳ್ಳಬಹುದು. ಕಾಲೇಜ್ ತಂಡದಲ್ಲಿ ಅದಿಲ್ಲ. ಒಬ್ಬ ಹುಡುಗನಿಗೆ ಸಿಗುವುದು ನಾಲ್ಕು ಸೀಸನ್. ಕೋವಿಡ್ ಅಂತ ಕೆಲವರಿಗೆ ಒಂದು ಜಾಸ್ತಿ ಸಿಕ್ಕಿತು. ಅಲ್ಲಿಗೆ ಮುಗಿಯಿತು. ಕ್ಲಬ್‌ಗಳು ಕಾಲೇಜ್ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಒಂದಿಬ್ಬರು ಅಮೆರಿಕದ ವೃತ್ತಿಪರ ಲೀಗ್ ಎಂಎಲ್‌ಎಸ್‌ಗೆ ಹೋಗುತ್ತಾರೆ. ಉಳಿದವರು ಕೆಲಸ ಹುಡುಕುತ್ತಾರೆ. ‘ಮುಂದಿನ ವರ್ಷ ನೋಡೋಣ’ ಅಂತ ನಾವು ಹೇಳುವುದು ಯಾರಿಗೆ? ಇಂಥ ತಂಡವನ್ನು ತುಂಬಾ ವರ್ಷದಿಂದ ಹಿಂಬಾಲಿಸುವವರು ಇದನ್ನು ಹೇಗೆ ತೆಗೆದುಕೊಳ್ಳುತ್ತೀರಿ?

---

ಕ್ಯಾರಿ_ಕನ್ನಡಿಗ | ಡಿಸೆಂಬರ್ 13, 2022

ನಾನು ಸ್ಟೇಡಿಯಂನಲ್ಲೇ ಇದ್ದೆ. ಫೈನಲ್ ನಡೆದ ವೇಕ್‌ಮೆಡ್ ಪಾರ್ಕ್ ನಮ್ಮ ಮನೆಯಿಂದ ಹತ್ತಿರ. ಫೈನಲ್ ನಮ್ಮ ಊರು ಕ್ಯಾರಿಗೆ ಬಂದಾಗಲೆಲ್ಲ ಮಗನನ್ನು ಕರೆದುಕೊಂಡು ಹೋಗುತ್ತೇನೆ. ನನಗೆ ಎರಡೂ ತಂಡ ಬೇರೆಯವರೇ. ಹಾಗಾಗಿ ತೂಕ ಹಾಕಿ ಹೇಳಬಲ್ಲೆ: ಸಿರಾಕ್ಯೂಸ್ ಕದ್ದು ಗೆದ್ದಿದ್ದಲ್ಲ. ಮೊದಲರ್ಧದಲ್ಲಿ ಅವರ ಮುಂದಿನ ಸಾಲು ನಿಮ್ಮ ಡಿಫೆನ್ಸ್ ಹಿಂದಿನ ಜಾಗವನ್ನು ಚೆನ್ನಾಗಿ ಹುಡುಕುತ್ತಿತ್ತು. ಇಯಾನ್ ಮೆಕಿಂಟೈರ್ ಎಷ್ಟೋ ವರ್ಷದಿಂದ ಅಲ್ಲಿ ಕೋಚ್ ಆಗಿ ಕಟ್ಟಿದ ತಂಡ ಅದು. ಅವರ ಗೋಲಿ ರಸೆಲ್ ಶೀಲಿ ಕೊನೆಯಲ್ಲಿ ಹಿಡಿದ ಪೆನಾಲ್ಟಿಯೂ ಸುಮ್ನೆ ಅದೃಷ್ಟ ಅಲ್ಲ, ಸರಿಯಾದ ಕಡೆಗೆ ಪೂರ್ತಿ ಚಾಚಿದ್ದ. ಆಮೇಲೆ ಆಮ್‌ಫರ್ನಿ ಸಿಂಕ್ಲೇರ್ ಬಂದು ಹೊಡೆದು ಮುಗಿಸಿದ.

ನನಗೆ ಬೇರೆಯದೇ ಸಿಟ್ಟಿದೆ. ಸೆಮಿಫೈನಲ್ ಶುಕ್ರವಾರ, ಫೈನಲ್ ಸೋಮವಾರ. ನಡುವೆ ಎರಡೇ ದಿನ. ಅದರ ಮೇಲೆ 110 ನಿಮಿಷ ಓಡಿಸಿ ಪೆನಾಲ್ಟಿ ಹೊಡೆಯಿರಿ ಅಂದರೆ ಕಾಲು ಎಲ್ಲಿಂದ ಬರಬೇಕು? ಆಗಸ್ಟ್ ಕೊನೆಗೆ ಶುರುಮಾಡಿ ಡಿಸೆಂಬರ್‌ಗೆ ಎಲ್ಲವನ್ನೂ ತುರುಕುತ್ತಾರೆ. ಸೀಸನ್ ಅನ್ನು ಇಡೀ ಶೈಕ್ಷಣಿಕ ವರ್ಷಕ್ಕೆ ಹರಡಿ ಅಂತ ಕೋಚ್‌ಗಳು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಎಕ್ಸ್‌ಟ್ರಾ ಟೈಮ್ ಶುರುವಾದಾಗ ಎರಡೂ ಕಡೆಯ ಹುಡುಗರು ಸ್ನಾಯು ಹಿಡಿದು ಕೂತು ಕೂತು ಏಳುತ್ತಿದ್ದರು.

ಇನ್ನೊಂದು ಹೇಳಬೇಕು. ನಮ್ಮ ಮುಂದಿನ ಸಾಲಿನಲ್ಲಿ ಇಂಡಿಯಾನಾ ಬಣ್ಣದ ಕ್ರಿಮ್ಸನ್ ಜಾಕೆಟ್ ಹಾಕಿದ ಒಬ್ಬರು ತಾಯಿ ಇದ್ದರು. ಯಾವ ಹುಡುಗನ ತಾಯಿಯೋ ಗೊತ್ತಿಲ್ಲ. ಪೆನಾಲ್ಟಿ ಶುರುವಾದಾಗ ಮೈದಾನಕ್ಕೆ ಬೆನ್ನು ತಿರುಗಿಸಿ, ನಮ್ಮ ಕಡೆ ಮುಖ ಮಾಡಿ ನಿಂತುಬಿಟ್ಟರು. ಪ್ರತಿ ಒದೆತಕ್ಕೂ ನನ್ನ ಮಗನ ಮುಖ ನೋಡುತ್ತಿದ್ದರು. ಒಳಗೆ ಹೋಯಿತಾ ಇಲ್ಲವಾ ಅಂತ ಅವನ ಮುಖದಿಂದಲೇ ತಿಳಿದುಕೊಳ್ಳುತ್ತಿದ್ದರು. ಅವನು ಇಂಡಿಯಾನಾ ಹೊಡೆದರೆ ತಲೆ ಆಡಿಸುತ್ತಿದ್ದ. ಕೊನೆಗೆ ಅವನು ಏನೂ ಮಾಡದೆ ನನ್ನ ಕೈ ಹಿಡಿದುಕೊಂಡ. ಅವರಿಗೆ ಅರ್ಥವಾಯಿತು.

---

ಆಸ್ಟಿನ್‌ಟೌನ್_ಲೆಫ್ಟ್‌ಬ್ಯಾಕ್ | ಡಿಸೆಂಬರ್ 14, 2022

ಅಕ್ಕ, ಬೆಂಗಳೂರು ಎಫ್‌ಸಿ ಹೆಸರು ತೆಗೆದಿರಿ, ಹಾಗಾಗಿ ಬಂದೆ. ಅಮೆರಿಕದ ಕಾಲೇಜ್ ಸಾಕರ್ ನಾನು ನೋಡಿಲ್ಲ. ಸೋಲು ನೋಡಿದ್ದೇನೆ.

2018ರ ಮಾರ್ಚ್ 17, ಕಂಠೀರವ. ಲೀಗ್‌ನಲ್ಲಿ 40 ಪಾಯಿಂಟ್ ತಗೊಂಡು ಟಾಪ್. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಫೈನಲ್ ನಮ್ಮ ಮನೆಯಲ್ಲೇ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಹೆಡರ್, 1-0. ಇಡೀ ಸ್ಟೇಡಿಯಂ ಹುಚ್ಚೆದ್ದಿತ್ತು. ಆಮೇಲೆ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಹೆಡರ್ ಹಾಕಿದ. ರಫಾಯೆಲ್ ಅಗಸ್ಟೊ ಮೂರನೆಯದು. ಕೊನೆಗೆ ಮಿಕು ಒಂದು ಹೊಡೆದರೂ ಸಮಯ ಇರಲಿಲ್ಲ. 3-2. ನಮ್ಮ ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕ್‌ನಲ್ಲಿ ಪಕ್ಕದವನ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈಯಲ್ಲಿ ರಾಹುಲ್ ಭೇಕೆ ಎಕ್ಸ್‌ಟ್ರಾ ಟೈಮ್ ಮುಗಿಯುವ ಹೊತ್ತಿಗೆ ಹೆಡರ್ ಹಾಕಿ ಗೋವಾ ಎದುರು ಗೆಲ್ಲಿಸಿದ. ಕಂಠೀರವದಲ್ಲಿ ಸೋತವರಲ್ಲಿ ಛೆಟ್ರಿ, ಗುರ್‌ಪ್ರೀತ್, ಭೇಕೆ ಎಲ್ಲ ಅಲ್ಲಿದ್ದರು. ನಿಮ್ಮ ಮಾತು ಒಪ್ಪುತ್ತೇನೆ. ಆ ಗಾಯಕ್ಕೆ ಅವರೇ ಮದ್ದು ಹಾಕಿಕೊಂಡರು. ನಿಮ್ಮ ಹುಡುಗರಿಗೆ ಆ ಭಾಗ್ಯ ಇಲ್ಲ.

ಆದರೆ ಗೋಲ್ಡನ್ ಗೋಲ್ ಹೋಗಿದ್ದು ಒಳ್ಳೆಯದೇ ಆಯಿತು. ನಾನು ಆಡುವ ಕಾಲದಲ್ಲಿ ಲೋಕಲ್ ಟೂರ್ನಮೆಂಟ್‌ಗಳಲ್ಲಿ ಕತ್ತಲಾಗುತ್ತದೆ ಅಂತ ‘ಮೊದಲು ಹೊಡೆದವರು ಗೆದ್ದರು’ ಅಂತ ಮಾಡುತ್ತಿದ್ದರು. ಆಗ ಯಾರೂ ಮುಂದೆ ಹೋಗುವುದಿಲ್ಲ. ಹತ್ತೂ ಜನ ಹಿಂದೆ ನಿಂತು ಚೆಂಡನ್ನು ಆಚೆ ತಳ್ಳುವುದಷ್ಟೆ. ಪೆನಾಲ್ಟಿ ಕ್ರೂರ, ನಿಜ. ಆದರೆ ಎರಡೂ ಕಡೆಯವರಿಗೆ ಉತ್ತರ ಕೊಡುವ ಅವಕಾಶ ಇರುತ್ತದೆ.

---

ಹಳೇಬ್ಯಾಚ್_94 | ಡಿಸೆಂಬರ್ 14, 2022

ನಾನು ತೊಂಬತ್ತರ ದಶಕದಲ್ಲಿ ಬ್ಲೂಮಿಂಗ್ಟನ್‌ನಲ್ಲಿ ಎಂಎಸ್ ಮಾಡಿದವನು. ಈಗ ಷಿಕಾಗೊ ಹತ್ತಿರ ಇದ್ದೇನೆ. ಪ್ರಶ್ನೆ ಓದಿ ಉತ್ತರಿಸದೆ ಇರಲಾಗಲಿಲ್ಲ.

ತಾಯಿ, ಸೋಮವಾರ ಆ ಹುಡುಗರ ಪಕ್ಕದಲ್ಲಿ ನಿಂತಿದ್ದ ಕೋಚ್ ಟಾಡ್ ಯೀಗ್ಲಿ ಅವರನ್ನು ನೆನಪಿಸಿಕೊಳ್ಳಿ. ಅವರು ಇಂಡಿಯಾನಾದಲ್ಲೇ ಆಡಿದವರು, 1991ರಿಂದ 94ರವರೆಗೆ. 94ರಲ್ಲಿ ಹರ್ಮನ್ ಟ್ರೋಫಿ ಪಡೆದರು. ಅಂದರೆ ಆ ವರ್ಷ ದೇಶದ ಅತ್ಯುತ್ತಮ ಕಾಲೇಜ್ ಆಟಗಾರ. ಅವರ ಕೊನೆಯ ಕಾಲೇಜ್ ಪಂದ್ಯ ಯಾವುದು ಗೊತ್ತಾ? 94ರ ಫೈನಲ್. ನಾರ್ತ್ ಕ್ಯಾರೊಲಿನಾದ ಡೇವಿಡ್‌ಸನ್‌ನಲ್ಲಿ ನಡೆಯಿತು. ವರ್ಜೀನಿಯಾ 1, ಇಂಡಿಯಾನಾ 0. ಬ್ರೂಸ್ ಅರೀನಾ ಅವರ ವರ್ಜೀನಿಯಾಗೆ ಅದು ಸತತ ನಾಲ್ಕನೇ ಪ್ರಶಸ್ತಿ. ಅವತ್ತು ನಮ್ಮ ಬೆಂಚಿನಲ್ಲಿ ಕೋಚ್ ಆಗಿದ್ದವರು ಟಾಡ್ ತಂದೆ ಜೆರ್ರಿ ಯೀಗ್ಲಿ. ಮಗನ ಕೊನೆಯ ಆಟ, ಸೋಲು, ಅದೂ ಅಪ್ಪನ ಕಣ್ಣೆದುರಿಗೇ. ನಾಲ್ಕು ವರ್ಷ ಆಡಿದ ಟಾಡ್‌ಗೆ ಆಟಗಾರನಾಗಿ ಒಂದೂ ರಾಷ್ಟ್ರೀಯ ಪ್ರಶಸ್ತಿ ಸಿಗಲಿಲ್ಲ. 82, 83, 88ರಲ್ಲಿ ಗೆದ್ದಿದ್ದ ತಂಡ ಮತ್ತೆ ಗೆದ್ದಿದ್ದು 98ರಲ್ಲಿ. ಅಷ್ಟು ಹೊತ್ತಿಗೆ ಅವರು ಕೊಲಂಬಸ್ ಕ್ರೂನಲ್ಲಿ ಆಡುತ್ತಿದ್ದರು.

ಮಾರನೇ ದಿನ ಕ್ಯಾಂಪಸ್ ಪೇಪರ್‌ನಲ್ಲಿ ಸುದ್ದಿ ಓದಿದ್ದು ನನಗೆ ನೆನಪಿದೆ. ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೆವು, ನಾಲ್ಕೂ ಜನ ಸರದಿ ಪ್ರಕಾರ ಓದಿದೆವು. ಸಾರು ಒಲೆಯ ಮೇಲೆ ಸೀದುಹೋಗುವವರೆಗೂ ಯಾರೂ ಏಳಲಿಲ್ಲ.

ಜೆರ್ರಿ ಅವರ ಬಗ್ಗೆಯೂ ಒಂದು ಮಾತು. 1963ರಲ್ಲಿ ಬಂದರು. ಹತ್ತು ವರ್ಷ ಅದು ಬರೀ ಕ್ಲಬ್ ತಂಡ. ಯೂನಿವರ್ಸಿಟಿ ಅದನ್ನು ಅಧಿಕೃತ ತಂಡ ಅಂತ ಒಪ್ಪಿದ್ದು 1973ರಲ್ಲಿ. ಆ ಹತ್ತು ವರ್ಷ ಆಡಿದವರಿಗೆ ಸೋಲಲು ಒಂದು ಎನ್‌ಸಿಎಎ (ಅಮೆರಿಕದ ಕಾಲೇಜ್ ಕ್ರೀಡೆ ನಡೆಸುವ ಸಂಸ್ಥೆ) ಟೂರ್ನಿ ಕೂಡ ಇರಲಿಲ್ಲ. 2003ರಲ್ಲಿ ಸೇಂಟ್ ಜಾನ್ಸ್ ಎದುರು ಗೆದ್ದು, ಆರನೇ ಪ್ರಶಸ್ತಿಯೊಂದಿಗೆ ನಿವೃತ್ತರಾದರು.

ಪೆನಾಲ್ಟಿ ಬಗ್ಗೆ ಒಂದು ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. 2004ರ ಫೈನಲ್ ನಾವೇ ಪೆನಾಲ್ಟಿಯಲ್ಲಿ ಗೆದ್ದಿದ್ದೇವೆ. ಕ್ಯಾಲಿಫೋರ್ನಿಯಾದ ಕಾರ್ಸನ್‌ನಲ್ಲಿ, ಸಾಂಟಾ ಬಾರ್ಬರಾ ಎದುರು. ಅವರ ರಾಜ್ಯ, ಅವರ ಜನ, ಅವರಿಗೆ ಮೊದಲ ಪ್ರಶಸ್ತಿಯ ಆಸೆ. ಅವತ್ತು ನಾನು ಕುಣಿದಿದ್ದೆ. ಮೈದಾನದ ಇನ್ನೊಂದು ಕಡೆ ಕೂತುಬಿಟ್ಟಿದ್ದ ಹುಡುಗರ ಕಡೆ ನನ್ನ ಗಮನವೂ ಹೋಗಿರಲಿಲ್ಲ. ಎರಡು ವರ್ಷ ಬಿಟ್ಟು 2006ರಲ್ಲಿ ಸಾಂಟಾ ಬಾರ್ಬರಾ ಗೆದ್ದಿತು.

---

ಹಾಸನದ_ಹೂಸಿಯರ್ | ಡಿಸೆಂಬರ್ 14, 2022

ಸರ್, 94ರ ವಿಷಯ ನನಗೆ ಗೊತ್ತೇ ಇರಲಿಲ್ಲ. 2012ರಲ್ಲಿ ಟಾಡ್ ಅವರು ಕೋಚ್ ಆಗಿ ಜಾರ್ಜ್‌ಟೌನ್ ಎದುರು ಗೆದ್ದಿದ್ದು ಮಾತ್ರ ಓದಿದ್ದೆ. ಸೋತ ಮೇಲೆ ಡ್ರೆಸಿಂಗ್ ರೂಮ್‌ನಲ್ಲಿ ಅವರು ಆ ಹಿರಿಯ ಹುಡುಗರಿಗೆ ಏನು ಹೇಳಿರಬಹುದು ಅಂತ ಯೋಚಿಸುತ್ತಿದ್ದೇನೆ. ಇಂಥ ಮಾತನ್ನು ಅಧಿಕಾರದಿಂದ ಹೇಳಬಲ್ಲವರು ಈ ದೇಶದಲ್ಲಿ ಬಹಳ ಜನ ಇಲ್ಲ.

ಎಂಡೆಲಿ ಬಗ್ಗೆ ಯಾಕೆ ಅಷ್ಟು ಸಂಕಟ ಅಂತ ಹೇಳಬೇಕು. 2021ರ ಮೇನಲ್ಲಿ ಸೆಮಿಫೈನಲ್‌ನಲ್ಲಿ ಪಿಟ್ಸ್‌ಬರ್ಗ್ ಎದುರು ಗೆಲುವಿನ ಗೋಲ್ ಅವನದೇ. ಆ ಫೈನಲ್ ಸೋತ. ಈಗ ಮತ್ತೆ ಫೈನಲ್‌ನಲ್ಲಿ ಗೋಲ್ ಹೊಡೆದು, ತಂಡವನ್ನು ಬದುಕಿಸಿ, ಮತ್ತೆ ಸೋತ. ಬೇಕಾಗಿದ್ದ ಹೊತ್ತಿಗೆ ಎರಡೂ ಸಲ ಬಂದು ನಿಂತವನು. ಕಪ್ ಇಲ್ಲದಿದ್ದರೂ ಅವನ ಆಟ ನೋಡಿದೆ ಅನ್ನುವುದು ನನಗೆ ದೊಡ್ಡದೇ.

ಕ್ಯಾರಿ ಸರ್, ನಿಮ್ಮ ಮಗನಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳಿ. ಸಿರಾಕ್ಯೂಸ್ ಬಗ್ಗೆ ನೀವು ಹೇಳಿದ್ದು ಸರಿ. ಸಿಟ್ಟು ಇಳಿದ ಮೇಲೆ ಮೊದಲರ್ಧ ಮತ್ತೆ ನೋಡಿದೆ. ಒಪೊಕು ಓಟವನ್ನು ನಮ್ಮವರು ತಡೆಯಲು ಆಗಲೇ ಇಲ್ಲ.

ಲೆಫ್ಟ್‌ಬ್ಯಾಕ್, ಆ ಕಂಠೀರವ ರಾತ್ರಿಯ ಬಗ್ಗೆ ಬೇರೆ ಥ್ರೆಡ್ ಹಾಕಿ ಮಾರಾಯ, ಪೂರ್ತಿ ಬರೆಯಿರಿ.

---

ಹಳೇಬ್ಯಾಚ್_94 | ಡಿಸೆಂಬರ್ 15, 2022

ಒಂದು ಕೆಲಸದ ಮಾತು. 2023ರ ಕಾಲೇಜ್ ಕಪ್ ಲೂಯಿವಿಲ್‌ನಲ್ಲಿ. ಬ್ಲೂಮಿಂಗ್ಟನ್‌ನಿಂದ ಎರಡು ಗಂಟೆ ಡ್ರೈವ್, ಅಷ್ಟೆ. 1987ರಿಂದ ಒಂದು ವರ್ಷವೂ ತಪ್ಪದೆ ನಮ್ಮ ತಂಡ ಎನ್‌ಸಿಎಎ ಟೂರ್ನಿಗೆ ಹೋಗಿದೆ. ಕೊನೆಯ ನಾಲ್ಕಕ್ಕೆ ಬಂದರೆ ನಾನು ಷಿಕಾಗೊದಿಂದ ಇಳಿದು ಬರುತ್ತೇನೆ, ದಾರಿಯಲ್ಲಿ ನಿಮ್ಮನ್ನೂ ನಿಮ್ಮ ಲ್ಯಾಬ್ ಗೆಳತಿಯನ್ನೂ ಹತ್ತಿಸಿಕೊಳ್ಳುತ್ತೇನೆ. ನಮ್ಮ ಮನೆಯವರು ಚಿತ್ರಾನ್ನ, ಕೋಡುಬಳೆ ಕಟ್ಟಿಕೊಡುತ್ತಾರೆ. ಕ್ಯಾರಿಯವರು ಮಗನ ಜೊತೆ ಬರುವುದಾದರೆ ಈಗಲೇ ಹೇಳಲಿ, ಟಿಕೆಟ್ ಒಟ್ಟಿಗೆ ತೆಗೆಯೋಣ.

---

ಕ್ಯಾರಿ_ಕನ್ನಡಿಗ | ಡಿಸೆಂಬರ್ 15, 2022

ಬರುತ್ತೇವೆ ಸರ್. ಮಗ ಈಗಲೇ ಕೇಳುತ್ತಿದ್ದಾನೆ, ಎಂಡೆಲಿ ಇನ್ನೊಂದು ವರ್ಷ ಆಡುತ್ತಾನಾ ಅಂತ. ಬ್ಲೂಮಿಂಗ್ಟನ್‌ನವರು ವಿಚಾರಿಸಿ ಹೇಳಿ.