ಶಾಸಕರಿಗೆ ಎಷ್ಟು ಮನವಿ ಕೊಟ್ಟರೂ ಕೆಲಸ ಆಗ್ತಿಲ್ಲ, ವಿಕಲಚೇತನರ ಬೇಡಿಕೆ ಯಾರ ಮುಂದೆ ಹೇಗೆ ಇಡಬೇಕು?

ಎಡದಂಡೆ_ಕೊಪ್ಪಳ (ಪ್ರಶ್ನೆ)

ಕೊಪ್ಪಳ ಜಿಲ್ಲೆಯ ಒಂದು ತಾಲೂಕಿನ ವಿಕಲಚೇತನರ ಸಂಘದ ಪರವಾಗಿ ಕೇಳ್ತಿದೀನಿ. ಪ್ರತಿ ಡಿಸೆಂಬರ್ 3ಕ್ಕೆ, ವಿಕಲಚೇತನರ ದಿನದಂದು, ಶಾಸಕರಿಗೆ ಮನವಿ ಕೊಡೋದು, ಶಾಲು ಹಾಕೋದು, ಫೋಟೋ, ‘ಮಾಡಿಸೋಣ ಬಿಡ್ರಿ’ ಅನ್ನೋ ಮಾತು. ಅಲ್ಲಿಗೆ ಮುಗೀತು. ಮನವಿಯಲ್ಲಿ ಹನ್ನೆರಡು ಬೇಡಿಕೆ ಇದ್ರೂ ತುರ್ತಾಗಿರೋದು ಮೂರು. ಗ್ರಾಮ ಪಂಚಾಯಿತಿಗಳ ಸ್ವಂತ ಸಂಪನ್ಮೂಲದಲ್ಲಿ ನಮಗಂತ ಇರುವ ಶೇ 5ರ ಹಣ ಖರ್ಚಾಗಬೇಕು. ಒಂದು ಕಚೇರಿಯಲ್ಲಿ ಪಿಂಚಣಿ ನೋಡುವ ಟೇಬಲ್ ಮೊದಲ ಮಹಡಿಯಲ್ಲಿದೆ, ಅದು ಕೆಳಗೆ ಬರಬೇಕು. ಇನ್ನೊಂದು ಕಟ್ಟಡದ ರ‍್ಯಾಂಪ್ ಎಷ್ಟು ಕಡಿದಾಗಿದೆ ಅಂದ್ರೆ ವೀಲ್‌ಚೇರ್ ಹತ್ತೋದೇ ಇಲ್ಲ, ಅದು ಸರಿಯಾಗಬೇಕು. ರಾಜಕಾರಣಿಗಳು ಕಿವಿಗೊಡೋ ಹಾಗೆ ಮಾಡೋದು ಹೇಗೆ?

ಟಪಾಲು_ಸೀಲು

ಹನ್ನೆರಡು ಬೇಡಿಕೆಯ ಮನವಿ ಪಿಎ ಟೇಬಲ್ ದಾಟೋದಿಲ್ಲ. ಯಾವ ಇಲಾಖೆಗೆ ಕಳಿಸಬೇಕು ಅನ್ನೋದೇ ಅವರಿಗೆ ತಿಳಿಯಲ್ಲ, ‘ಸೂಕ್ತ ಕ್ರಮಕ್ಕಾಗಿ’ ಅಂತ ಷರಾ ಬರೆದು ಎಲ್ಲಿಗೋ ದಾಟಿಸ್ತಾರೆ. ಒಂದು ಹಾಳೆಗೆ ಒಂದೇ ಬೇಡಿಕೆ ಬರೀರಿ. ಸಹಿ ಹಾಕಬೇಕಾದ ಅಧಿಕಾರಿಯ ಹುದ್ದೆ, ಹಣ ಬರುವ ಲೆಕ್ಕ ಶೀರ್ಷಿಕೆ (ಯಾವ ಬಾಬತ್ತಿನ ಹಣ ಅನ್ನೋದು) ಎರಡೂ ಅದೇ ಹಾಳೆಯಲ್ಲಿರಲಿ.

ಪಿಂಚಣಿ ಟೇಬಲ್ಲಿಗೆ ಶಾಸಕರೇ ಬೇಡ. ರೂಪಾಯಿ ಖರ್ಚಿಲ್ಲದ ಕೆಲಸ, ಕಚೇರಿ ಮುಖ್ಯಸ್ಥರ ಒಂದು ಆದೇಶ ಸಾಕು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 23ರ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನ ನೇಮಿಸಬೇಕು, ದೂರಿನ ರಿಜಿಸ್ಟರ್ ಇಡಬೇಕು, ನೋಂದಣಿಯಾದ ಎರಡು ವಾರದೊಳಗೆ ವಿಚಾರಣೆ ಮಾಡಬೇಕು. ಅಧಿಕಾರಿ ಯಾರು ಅಂತ ಗೊತ್ತಿಲ್ಲದಿದ್ರೆ ‘ಕುಂದುಕೊರತೆ ಅಧಿಕಾರಿಗಳು, ಸೆಕ್ಷನ್ 23’ ಅಂತಲೇ ವಿಳಾಸ ಬರೆದು ಟಪಾಲು ವಿಭಾಗಕ್ಕೆ ಕೊಡಿ. ನಿಮ್ಮ ಪ್ರತಿ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸ್ಕೊಳ್ಳಿ. ಸೀಲಿಲ್ಲದ ಅರ್ಜಿ ಕೊಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಉತ್ತರ ಸಮಾಧಾನ ತರದಿದ್ರೆ ಅದೇ ಕಾಯ್ದೆಯ ಜಿಲ್ಲಾ ಸಮಿತಿಗೆ ಹೋಗಬಹುದು.

ಶೇ 5ರ ಹಣ ಮಾತ್ರ ರಾಜಕಾರಣಿಗೆ ತಕ್ಕ ವಿಷಯ. ಆದ್ರೆ ‘ಖರ್ಚಾಗ್ತಿಲ್ಲ’ ಅಂದ್ರೆ ಸಾಲದು, ಅಂಕಿ ಬೇಕು. ಪ್ರತಿ ಪಂಚಾಯಿತಿಗೂ ಬೇರೆ ಬೇರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಬಿಪಿಎಲ್‌ನವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದ್ರೆ ಸಾಕು. ಕೇಳಬೇಕಾದ್ದು: ಕಳೆದ ಎರಡು ಆರ್ಥಿಕ ವರ್ಷಗಳ ಸ್ವಂತ ಸಂಪನ್ಮೂಲದ ಒಟ್ಟು ವಸೂಲಿ, ಅದರಲ್ಲಿ ವಿಕಲಚೇತನರಿಗೆ ತೆಗೆದಿಟ್ಟ ಮೊತ್ತ, ಖರ್ಚು, ಕ್ರಿಯಾಯೋಜನೆಯ ಪ್ರತಿ. ‘ಯಾಕೆ ಖರ್ಚು ಮಾಡಿಲ್ಲ’ ಅಂತ ಕೇಳಬೇಡಿ. ಕಾರಣ ಕೇಳಿದ್ರೆ ‘ಇದು ಮಾಹಿತಿ ವ್ಯಾಪ್ತಿಗೆ ಬರಲ್ಲ’ ಅಂತ ಅರ್ಜಿ ಮುಗಿಸಿಬಿಡ್ತಾರೆ. 30 ದಿನ ಆದ್ರೂ ಉತ್ತರ ಬರದಿದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಉತ್ತರಗಳು ಬಂದ ಮೇಲೆ ಒಂದೇ ಪುಟದ ಕೋಷ್ಟಕ ಮಾಡಿ: ಪಂಚಾಯಿತಿ, ತೆಗೆದಿಡಬೇಕಾದ್ದು, ಖರ್ಚಾದದ್ದು, ಉಳಿಕೆ. ಇದನ್ನ ಕಾರ್ಯಕ್ರಮದ ವೇದಿಕೆಯಲ್ಲಿ ಕೊಡಬೇಡಿ, ತಾಲೂಕು ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನಾ) ಸಭೆಗೆ ವಾರದ ಮುಂಚೆ ಶಾಸಕರ ಕೈಗೆ ಕೊಡಿ. ಆ ಸಭೆಗೆ ಅವರೇ ಅಧ್ಯಕ್ಷರು, ತಾಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಎದುರಿಗೇ ಕೂತಿರ್ತಾರೆ. ಜಿಲ್ಲಾ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಈ ಮಟ್ಟದಲ್ಲಿ ಪ್ರಶ್ನೆ ಕೇಳೋರೇ ಕಡಿಮೆಯಾದ್ರು, ಹಾಗಾಗಿ ಕೆಡಿಪಿಗೆ ತೂಕ ಜಾಸ್ತಿ. ನಮ್ಮ ವಿಷಯ ಸಾಮಾನ್ಯವಾಗಿ ಅಜೆಂಡಾದ ಕೊನೇಲಿ ಬರುತ್ತೆ, ಊಟದ ಹೊತ್ತಾದ್ರೆ ‘ಮುಂದಿನ ಸಭೆಗೆ’ ಹೋಗುತ್ತೆ. ಗೌರವಧನದ ಮೇಲೆ ದುಡಿಯೋ ಎಂಆರ್‌ಡಬ್ಲ್ಯೂ, ವಿಆರ್‌ಡಬ್ಲ್ಯೂಗಳು (ತಾಲೂಕು, ಗ್ರಾಮ ಮಟ್ಟದ ಪುನರ್ವಸತಿ ಕಾರ್ಯಕರ್ತರು) ಇಒ ಮುಂದೆ ತಕರಾರು ತೆಗೀಲಿ ಅಂತ ನಿರೀಕ್ಷೆ ಮಾಡೋದೂ ತಪ್ಪು. ಪಂಚಾಯಿತಿ ಜತೆ ಜಗಳ ಕಾಯೋ ಕೆಲಸ ಅವರ ಮೇಲೆ ಹೊರಿಸಬೇಡಿ.

ಇನ್ನೊಂದು ಮಾತು. ತೆರಿಗೆ ವಸೂಲಿ ಆರು ಲಕ್ಷ ಇರೋ ಪಂಚಾಯಿತಿಯಲ್ಲಿ ಶೇ 5 ಅಂದ್ರೆ ಬರೀ 30 ಸಾವಿರ. ಅದರಲ್ಲಿ ಯಂತ್ರಚಾಲಿತ ಸ್ಕೂಟರ್ ಕೇಳಿದ್ರೆ ಇಲ್ಲ ಅನ್ನೋದು ನ್ಯಾಯವೇ. ಶೌಚಾಲಯಕ್ಕೆ ಹಿಡಿಕೆ, ಶ್ರವಣ ಸಾಧನದ ಬ್ಯಾಟರಿ, ಊರುಗೋಲಿನ ರಬ್ಬರ್ ತುದಿ, ವಾಟರ್ ಬೆಡ್ – ಇಂಥವನ್ನ ಹೆಸರು ಸಮೇತ ವಿಶೇಷ ಗ್ರಾಮಸಭೆಯ ನಡವಳಿಯಲ್ಲಿ ಬರೆಸಿ. ನಡವಳಿಯಲ್ಲಿ ಇಲ್ಲದಿದ್ರೆ ಮಾರ್ಚ್ ಕೊನೇ ವಾರ ಯಾರಿಗೂ ಬೇಡದ ಸಾಮಾನು ಖರೀದಿಯಾಗಿ ಲೆಕ್ಕ ಮುಗಿಯುತ್ತೆ.

ಸಿವಿಲ್_ಬಳ್ಳಾರಿ

ರ‍್ಯಾಂಪ್ ಬಗ್ಗೆ ಮಾತ್ರ ಹೇಳುವೆ. ‘ಕಡಿದಾಗಿದೆ’ ಎಂದು ಬರೆದರೆ ಎಂಜಿನಿಯರ್ ‘ಸ್ಥಳ ಪರಿಶೀಲಿಸಲಾಗಿದೆ, ಸರಿಯಿದೆ’ ಎಂದು ವರದಿ ಕೊಡುತ್ತಾರೆ. ಅಳತೆ ಬರೆಯಿರಿ. ಪಕ್ಕದ ಮೆಟ್ಟಿಲುಗಳ ಎತ್ತರ ಕೂಡಿಸಿದರೆ ಏರು ಸಿಗುತ್ತದೆ. 15 ಸೆಂ.ಮೀ.ನ ನಾಲ್ಕು ಮೆಟ್ಟಿಲಿದ್ದರೆ 60 ಸೆಂ.ಮೀ. ಇಳಿಜಾರು 1:12 (ಒಂದು ಪಾಲು ಏರಿಗೆ ಹನ್ನೆರಡು ಪಾಲು ಉದ್ದ) ಇರಬೇಕಾದ್ದರಿಂದ ರ‍್ಯಾಂಪಿನ ಉದ್ದ 7.2 ಮೀಟರ್ ಬೇಕು. ಎಷ್ಟೋ ಕಡೆ ಜಾಗ ಇಲ್ಲವೆಂದು ಮೂರು ಮೀಟರಿಗೆ ಮುಗಿಸುತ್ತಾರೆ. ಅದು 1:5. ಹಿಂದಿನಿಂದ ಇಬ್ಬರು ತಳ್ಳಿದರೂ ಅಪಾಯ, ಇಳಿಯುವಾಗ ಇನ್ನೂ ಹೆಚ್ಚು.

ಅಗಲ ಕನಿಷ್ಠ 1.2 ಮೀಟರ್. ಎರಡೂ ಬದಿ 76 ಮತ್ತು 90 ಸೆಂ.ಮೀ. ಎತ್ತರದಲ್ಲಿ ಹಿಡಿದುಕೊಳ್ಳುವ ಕಂಬಿ. ಮೇಲೆ, ಕೆಳಗೆ 1.5 ಮೀಟರಿನ ಸಮತಟ್ಟು ಜಾಗ. ಹೆಚ್ಚು ತಪ್ಪುವುದು ಈ ಮೇಲಿನ ಸಮತಟ್ಟು: ರ‍್ಯಾಂಪ್ ನೇರ ಬಾಗಿಲಿಗೆ ಹೋಗಿ ನಿಲ್ಲುತ್ತದೆ, ಬಾಗಿಲು ಹೊರಕ್ಕೆ ತೆರೆಯುತ್ತದೆ, ಕುರ್ಚಿಯಲ್ಲಿದ್ದವರು ಹಿಂದಕ್ಕೆ ಜಾರಬೇಕು. ನಮ್ಮ ಕಡೆ ಪಾಲಿಶ್ ಗ್ರಾನೈಟ್ ಹಾಕುವ ಚಾಳಿ ಬೇರೆ. ನೀರು ಬಿದ್ದರೆ ಊರುಗೋಲು ನಿಲ್ಲುವುದಿಲ್ಲ. ಒರಟು ಮೇಲ್ಮೈ ಕೇಳಿ. ಎದುರಿಗೆ 7.2 ಮೀಟರ್ ಸಿಗದಿದ್ದರೆ ಎಲ್ ಆಕಾರದಲ್ಲಿ ತಿರುಗಿಸಿ, ತಿರುವಿನಲ್ಲೂ 1.5 ಮೀಟರ್ ಸಮತಟ್ಟು ಬಿಡಬಹುದು.

ಟೇಪ್ ಹಿಡಿದ ಫೋಟೋ ಮೂರು, ಕೈಬರಹದ ನಕ್ಷೆ ಒಂದು. ಇಷ್ಟಿದ್ದರೆ ಶಾಸಕರು ತಮ್ಮ ಪ್ರದೇಶಾಭಿವೃದ್ಧಿ ನಿಧಿಯಿಂದಲೋ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಕ್ರಿಯಾಯೋಜನೆಯಿಂದಲೋ ಶಿಫಾರಸು ಮಾಡುವುದು ಸುಲಭ. ಹೊಸ ಕಟ್ಟಡವಾದರೆ ಎಸ್ಟಿಮೇಟಿಗೆ ತಾಂತ್ರಿಕ ಮಂಜೂರಾತಿ ಆಗುವ ಮುನ್ನವೇ ಪತ್ರ ತಲುಪಬೇಕು. ಅದೇ 2016ರ ಕಾಯ್ದೆಯ ಸೆಕ್ಷನ್ 44ರಂತೆ ಪ್ರವೇಶಯೋಗ್ಯತೆಯ ನಿಯಮ ಪಾಲಿಸದ ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರವನ್ನೇ ಕೊಡುವಂತಿಲ್ಲ. ಇದನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ.

ರಾಯಚೂರು_ಮಂದಿ

ಮೇಲಿನೋರು ಹೇಳಿದ್ದು ಸರಿ ಅದ, ಆದ್ರ ಒಂದು ಬಿಟ್ಟಾರ. ರಾಜಕಾರಣಿ ಮೊದಲು ನೋಡೋದು ಬೂತ್ ಲೆಕ್ಕ. ಮತದಾರರ ಪಟ್ಟಿಯೊಳಗ ವಿಕಲಚೇತನರು ಅಂತ ಗುರುತು ಇಲ್ಲದಿದ್ರ ನಾವು ಲೆಕ್ಕಕ್ಕೇ ಇಲ್ಲ. ಈಗಾಗಲೇ ಹೆಸರಿದ್ದೋರು ಫಾರ್ಮ್ 8 ತುಂಬಿ ಗುರುತು ಹಾಕಿಸ್ರಿ, ಬಿಎಲ್ಒ (ಬೂತ್ ಮಟ್ಟದ ಅಧಿಕಾರಿ) ಹತ್ರ ಇಲ್ಲಾ ಆನ್‌ಲೈನ್‌ನಾಗ. ವೈಕಲ್ಯ ಶೇ 40 ಮತ್ತು ಮೇಲಿದ್ದು ಮನಿಯಿಂದಲೇ ಮತ ಹಾಕೋರಿಗೆ ಫಾರ್ಮ್ 12ಡಿ. ಅದಕ್ಕ ಚುನಾವಣೆ ಅಧಿಸೂಚನೆ ಆದ ಮ್ಯಾಲೆ ಐದೇ ದಿನ ಟೈಮು, ಪ್ರಮಾಣಪತ್ರ ಮೊದಲೇ ತಯಾರಿಟ್ಕೋರಿ. ಆದ್ರ ಬರಾಕ ಆಗೋರು ಬೂತಿಗೇ ಬರ್ರಿ. ಎಲ್ಲಾರೂ ಮನಿಯಾಗ ಕುಂತು ಹಾಕಿದ್ರ ಬೂತಿನ ರ‍್ಯಾಂಪ್ ಯಾರಿಗೆ ಬೇಕು ಅಂತಾರ.

ಸಂಸದರಿಗೆ ಬರಿಯೋ ಮುಂದ ಕ್ಷೇತ್ರ ನೋಡ್ಕೋರಿ. ಸಿಂಧನೂರು, ಮಸ್ಕಿ ರಾಯಚೂರು ಜಿಲ್ಲೆಯೊಳಗ ಇದ್ರೂ ಲೋಕಸಭೆಗೆ ಕೊಪ್ಪಳ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪನೂ ಕೊಪ್ಪಳಕ್ಕೇ ಬರ್ತದ. ತಪ್ಪು ಸಂಸದರಿಗೆ ಕೊಟ್ಟ ಪತ್ರ ಅಲ್ಲೇ ಕೊಳೀತದ.

ಟ್ರೈಸಿಕಲ್ ಹಂಚಿಕೆ ಆದ ಮ್ಯಾಲೆ ‘ಮಾಡೀವಲ್ಲ’ ಅಂತಾರ, ಅದಕ್ಕ ಸಾಮಗ್ರಿ ಬೇಡಿಕೆ ಮತ್ತ ಕಟ್ಟಡದ ಬೇಡಿಕೆ ಒಂದೇ ದಿನ ಇಡಬ್ಯಾಡ್ರಿ.

ಎಡದಂಡೆ_ಕೊಪ್ಪಳ

ಧನ್ಯವಾದ. ಸೆಕ್ಷನ್ 23ರ ದೂರಿಗೂ ಉತ್ತರ ಬರದಿದ್ರೆ ವಿಕಲಚೇತನರ ರಾಜ್ಯ ಆಯುಕ್ತರ ಹತ್ರ ಹೋಗೋಕೆ ಬೆಂಗಳೂರಿಗೇ ಹೋಗಬೇಕಾ? ವಕೀಲರು ಬೇಕಾ?

ಟಪಾಲು_ಸೀಲು

ಎರಡೂ ಬೇಡ. ಸ್ಪೀಡ್ ಪೋಸ್ಟಲ್ಲಿ ಕಳಿಸಿ. ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡಿನ ಪ್ರತಿ, ಸೀಲು ಬಿದ್ದ ಹಳೇ ಅರ್ಜಿಗಳು, ಫೋಟೋ, ಕೊನೇಲಿ ‘ಇಂಥ ಆದೇಶ ಕೋರುತ್ತೇವೆ’ ಅಂತ ಒಂದೇ ಸಾಲು. ಸಾಕ್ಷಿ ಕರೆಸೋಕೆ, ದಾಖಲೆ ತರಿಸೋಕೆ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಅವರು ಶಿಫಾರಸು ಮಾಡಿದ ಮೇಲೆ ಆ ಕಚೇರಿ ಮೂರು ತಿಂಗಳೊಳಗೆ ಕ್ರಮದ ವರದಿ ಕೊಡಬೇಕು. ಒಪ್ಪದಿದ್ರೆ ಕಾರಣವನ್ನ ಅಷ್ಟರೊಳಗೆ ಆಯುಕ್ತರಿಗೆ ತಿಳಿಸಬೇಕು, ನಿಮಗೂ ತಿಳಿಸಬೇಕು (ಸೆಕ್ಷನ್ 81). ಆ ಶಿಫಾರಸಿನ ಒಂದು ಪ್ರತಿ ಶಾಸಕರಿಗೂ ಕೊಡಿ. ಅಧಿವೇಶನದಲ್ಲಿ ಪ್ರಶ್ನೆ ಹಾಕೋಕೆ ಅವರಿಗೆ ಬೇಕಾಗಿರೋದು ಅಂಥದ್ದೇ ಕಾಗದ.