ತೇಜಸ್ವಿ ಪುಸ್ತಕಗಳು ಮುಗಿಯುತ್ತಾ ಬಂದವು, ಮುಂದೆ ಯಾರನ್ನು ಓದಲಿ?

ಹೊಸದುರ್ಗದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯುಸಿ, ಸೈನ್ಸ್. ಹೊಸದುರ್ಗದ ಹತ್ತಿರ ಹಳ್ಳಿ. ಇಲ್ಲಿ ಇಷ್ಟೊಂದು ಓದಿರೋರು ಇದ್ದೀರಿ ಅಂತ ಧೈರ್ಯ ಮಾಡಿ ಕೇಳ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ.

ಪಾಠದ ಪುಸ್ತಕ ಬಿಟ್ಟು ನಾನು ಏನೂ ಓದ್ತಿರಲಿಲ್ಲ. 2023ರಲ್ಲಿ ಡೇರ್‌ಡೆವಿಲ್ ಮುಸ್ತಾಫಾ ಸಿನಿಮಾ ಬಂತಲ್ಲ, ಅದನ್ನ ಅಣ್ಣನ ಮೊಬೈಲಲ್ಲಿ ನೋಡಿದೆ. ಕಥೆ ಪೂರ್ಣಚಂದ್ರ ತೇಜಸ್ವಿ ಅವರದ್ದು ಅಂತ ಗೊತ್ತಾಯ್ತು. ತಾಲ್ಲೂಕು ಲೈಬ್ರರಿಯಲ್ಲಿ ಕೇಳಿದಾಗ ಅಲ್ಲಿನ ಸರ್ 'ಅಬಚೂರಿನ ಪೋಸ್ಟಾಫೀಸು' ಹುಡುಕಿ ಕೊಟ್ಟರು. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಕೊನೆಯ ಸೀಲು 2011ರದ್ದು. ಅದರ ಕೆಳಗೆ ನನ್ನ ತಾರೀಕು ಒತ್ತಿದರು. ಅಷ್ಟು ವರ್ಷ ಯಾರೂ ತಗೊಂಡೇ ಹೋಗಿಲ್ವಾ ಅಂತ ಬೇಜಾರಾಯ್ತು, ಈಗ ಇದು ನಂದು ಅಂತ ಖುಷಿನೂ ಆಯ್ತು.

ಮುಸ್ತಾಫಾ ಕಥೆಗೆ ಅಂತ ತಂದಿದ್ದು. ಆದರೆ ನನ್ನನ್ನ ಹಿಡಿದುಹಾಕಿದ್ದು ಅದೇ ಪುಸ್ತಕದ 'ತಬರನ ಕಥೆ'. ನಮ್ಮ ತಾತ ನಲ್ಲಿ ನೀರು ಬಿಡೋ ಕೆಲಸ ಮಾಡಿ ರಿಟೈರ್ ಆದವರು. ಬರಬೇಕಾದ ದುಡ್ಡಿಗೆ ಒಂದು ಕಚೇರಿಗೆ ಎರಡು ವರ್ಷ ಅಲೆದರು. ಹೋದಾಗೆಲ್ಲ ಇನ್ನೊಂದು ಕಾಗದ ತಾ ಅನ್ನೋರು. ಬೆಳಿಗ್ಗೆ ಬಸ್ಸಿಗೆ ಹೋಗಿ, ಸಂಜೆ ಚೀಲದಲ್ಲಿ ಅದೇ ಕಾಗದ ಇಟ್ಕೊಂಡು ವಾಪಸ್ ಬರ್ತಿದ್ದರು. ಪಿಂಚಣಿಗೆ ಅಲೆದು ಅಲೆದು ತಲೆ ಕೆಡೋ ತಬರನ್ನ ಓದ್ತಾ ಓದ್ತಾ ನಂಗೆ ತಡ್ಕೊಳ್ಳೋಕೆ ಆಗಲಿಲ್ಲ. ಭಾನುವಾರ ಜಗಲಿ ಮೇಲೆ ಕೂತು ತಾತನಿಗೆ ಗಟ್ಟಿಯಾಗಿ ಓದಿ ಹೇಳಿದೆ. ತಾತ ಮೊರದಲ್ಲಿ ಹುರುಳಿ ಕಲ್ಲು ಆರಿಸ್ತಿದ್ದರು. ಅರ್ಧ ಕಥೆ ಹೊತ್ತಿಗೆ ಕೈ ನಿಂತೋಯ್ತು. ಮುಗಿದ ಮೇಲೆ ಸುಮಾರು ಹೊತ್ತು ಸುಮ್ಮನಿದ್ದು, 'ಇವ್ರಿಗೆ ಯಾರ್ ಹೇಳಿದ್ರು ಇದ್ನೆಲ್ಲ?' ಅಂದರು.

ಆವತ್ತಿಂದ ಬಿಟ್ಟೂಬಿಡದೆ ಓದ್ತಿದ್ದೀನಿ. ಕರ್ವಾಲೊ ಎರಡು ಸಲ. ಮಂದಣ್ಣ ನಮ್ಮೂರಲ್ಲೇ ಇರೋ ಯಾರೋ ಅನ್ನಿಸ್ತಾನೆ, ಕಿವಿ ನಾಯಿಯಂತೂ ನಮ್ಮನೇದೇ. ಪರಿಸರದ ಕತೆ ಆಯ್ತು. ಜುಗಾರಿ ಕ್ರಾಸ್ ಓದುವಾಗ ಕ್ಲಾಸಲ್ಲಿ ಸಿಕ್ಕಿಬಿದ್ದು, ಕಥೆಪುಸ್ತಕ ಎಲ್ಲ ಸಿಇಟಿ ಮುಗಿದ ಮೇಲೆ ಅಂತ ಬೈಸಿಕೊಂಡೆ. ಅವರು ಹೇಳಿದ್ದು ನನ್ನ ಒಳ್ಳೇದಕ್ಕೇ, ಗೊತ್ತು. ಆದರೆ ರಾತ್ರಿ ಹತ್ತು ಪುಟ ಓದಿ ಮಲಗಿದ ದಿನವೇ ನಂಗೆ ಬೆಳಿಗ್ಗೆ ಲೆಕ್ಕ ಚೆನ್ನಾಗಿ ಬರುತ್ತೆ.

ಈಗ ನನ್ನ ಸಮಸ್ಯೆ. ತೇಜಸ್ವಿ ಅವರಿಗೆ ಒಂದು ಕಾಗದ ಬರೀಬೇಕು, ತಾತ ಹೇಳಿದ್ದನ್ನ ತಿಳಿಸಬೇಕು ಅಂತ ವಿಳಾಸ ಹುಡುಕಿದೆ. ಅವರು ತೀರಿಹೋಗಿದ್ದು 2007ರಲ್ಲಿ. ನಾನು ಹುಟ್ಟಿದ್ದು 2009ರಲ್ಲಿ. ಆ ದಿನ ಊಟ ಸೇರಲಿಲ್ಲ. ಇನ್ನು ಹೊಸ ಪುಸ್ತಕ ಬರೋದೇ ಇಲ್ಲ ಅಂತ ಆಯ್ತಲ್ಲ. ಚಿದಂಬರ ರಹಸ್ಯ ತಂದಿಟ್ಟು ತಿಂಗಳಾಯ್ತು, ಲೈಬ್ರರಿಯಲ್ಲಿ ಎರಡು ಸಲ ತಾರೀಕು ಮುಂದಕ್ಕೆ ಹಾಕಿಸ್ಕೊಂಡೆ. ತೆಗೆದರೆ ಮುಗಿದುಹೋಗುತ್ತೆ ಅಂತ ಭಯ. ನಿಮಗೂ ಹೀಗೆ ಆಗಿತ್ತಾ? ಇವರ ನಂತರ ಯಾರನ್ನ ಓದಬೇಕು? ಸುಮ್ಮನೆ ದೊಡ್ಡ ಹೆಸರುಗಳ ಪಟ್ಟಿ ಬೇಡ. ಇವರಿಂದ ಅವರಿಗೆ ಹೇಗೆ ಹೋಗೋದು ಅಂತ ಹೇಳಿ.

ಸಾಗರದ ಮೇಷ್ಟ್ರು:

ಮಗಳೇ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಇಂಥ ಪ್ರಶ್ನೆ ಕೇಳಿದ ಮಕ್ಕಳು ಬೆರಳೆಣಿಕೆಯಷ್ಟು.

ನೀನು ಕೇಳಿದ ದಾರಿ ನಿನ್ನ ಕೈಯಲ್ಲಿದ್ದ ಮೊದಲ ಪುಸ್ತಕದಲ್ಲೇ ಇದೆ. ಅಬಚೂರಿನ ಪೋಸ್ಟಾಫೀಸು ಬಂದಿದ್ದು 1973ರಲ್ಲಿ. ಅದಕ್ಕೆ ತೇಜಸ್ವಿಯವರೇ ಬರೆದ ಮುನ್ನುಡಿ ಇದೆ. ಕಥೆಯ ಅವಸರದಲ್ಲಿ ನೀನು ಅದನ್ನು ದಾಟಿ ಹೋಗಿರಬೇಕು, ಎಲ್ಲರೂ ಹಾಗೇ ಮಾಡುತ್ತಾರೆ. ತಮ್ಮನ್ನು ರೂಪಿಸಿದವರು ಯಾರು ಎಂದು ಅಲ್ಲಿ ಬಾಯಿಬಿಟ್ಟು ಹೇಳಿದ್ದಾರೆ. ವಿಚಾರಕ್ಕೆ ಸಮಾಜವಾದಿ ಚಿಂತಕ ಲೋಹಿಯಾ, ಸೃಷ್ಟಿಗೆ ಕುವೆಂಪು, ಬದುಕಿನ ಪ್ರಯೋಗಕ್ಕೆ ಶಿವರಾಮ ಕಾರಂತರು. ಮೆಚ್ಚಿದ ಲೇಖಕ ತಾನೇ ಕೈ ತೋರಿಸಿದ ದಿಕ್ಕಿಗಿಂತ ಬೇರೆ ದಾರಿ ಯಾಕೆ ಬೇಕು?

ಕಾರಂತರಲ್ಲಿ 'ಬೆಟ್ಟದ ಜೀವ'ದಿಂದ ಶುರುಮಾಡು. 1943ರ ಸಣ್ಣ ಕಾದಂಬರಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಗೋಪಾಲಯ್ಯ ಎಂಬ ಮುದುಕರ ಮನೆ ಸೇರುತ್ತಾನೆ. ಕಾಡು ಕಡಿದು ತೋಟ ಮಾಡಿದ ಗಂಡ ಹೆಂಡತಿ, ಮನೆ ಬಿಟ್ಟುಹೋದ ಮಗ. ಕರ್ವಾಲೊ ಕಾಡನ್ನು ಪ್ರೀತಿಸಿದವಳಿಗೆ ಈ ಕಾಡು ಬೇರೆ ಕಡೆಯಿಂದ ಕಾಣುತ್ತದೆ.

ಕುವೆಂಪು ಹತ್ತಿರ ನೇರ ಹೋಗಬೇಡ. ಮೊದಲು ತೇಜಸ್ವಿಯವರ 'ಅಣ್ಣನ ನೆನಪು' ಓದು. ಕುವೆಂಪು ತೇಜಸ್ವಿಯವರ ತಂದೆ, ಮಕ್ಕಳು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಆಮೇಲೆ ರಜೆಯಲ್ಲಿ 'ಮಲೆಗಳಲ್ಲಿ ಮದುಮಗಳು'. ಕಿವಿ ನಿನ್ನ ಮನೆಯ ನಾಯಿಯಾಗಿದ್ದರೆ, ಅಲ್ಲಿ ನಾಯಿಗುತ್ತಿಯ ಹಿಂದೆ ಅವನ ನಾಯಿ ಹುಲಿಯ ಬರುತ್ತಾನೆ. ಅಷ್ಟೇ ಹೇಳುತ್ತೇನೆ, ಹೆಚ್ಚು ಹೇಳಿದರೆ ನಿನಗೆ ಅನ್ಯಾಯ.

ಧಾರವಾಡದಾಕಿ:

ತಂಗಿ, ನಿಮ್ಮ ತಾತ ಅಂದ ಮಾತು ಓದಿ ಕಣ್ಣಾಗ ನೀರು ಬಂತು ನೋಡವಾ. ನನಗೂ ಹಿಂಗ ಆಗಿತ್ತು, ತ್ರಿವೇಣಿಯವರ ಕಾದಂಬರಿ ಓದುವಾಗ. ಅವರು 1963ರಾಗ ತೀರಿಕೊಂಡಿದ್ರು, ನಾ ಇನ್ನೂ ಹುಟ್ಟೇ ಇರಲಿಲ್ಲ. ಒಂದು ಪುಸ್ತಕ ಓದದೇ ಇಟ್ಟು, ಮದುವೆ ಆದಮ್ಯಾಲೆ ಒಂದು ಮಳಿಗಾಲದಾಗ ಓದಿದೆ. ಇಟ್ಟದ್ದು ಛಲೋ ಆಯ್ತು ಅಂತ ಅನಸಲಿಲ್ಲ, ಖರೇ ಹೇಳ್ತೀನಿ. ಹದಿನಾರರಾಗ ಓದಿದ್ರ ಬ್ಯಾರೇನೇ ಆಗ್ತಿತ್ತು. ಚಿದಂಬರ ರಹಸ್ಯ ಇವತ್ತ ತಗಿ. ಇಪ್ಪತ್ತೈದಕ್ಕ ಮತ್ತ ಓದು, ಆವಾಗ ಅದು ಬ್ಯಾರೆ ಪುಸ್ತಕ ಇರ್ತದ. ಅವರ ಹೆಂಡತಿ ರಾಜೇಶ್ವರಿ ತೇಜಸ್ವಿ ಅವರು ಬರದ 'ನನ್ನ ತೇಜಸ್ವಿ'ನೂ ಐತಿ. ಕಾಗದ ಬರೀಲಿಕ್ಕೆ ಆಗಲಿಲ್ಲ ಅನ್ನೋ ಸಂಕಟಕ್ಕ ಅದು ಬೇಕು.

ನಂಜನಗೂಡಿನವನು:

ತಬರನಿಂದ ಇನ್ನೊಂದು ದಾರಿಯೂ ಇದೆ. ದೇವನೂರ ಮಹಾದೇವ ಅವರ 'ಒಡಲಾಳ'. ಕಳೆದುಹೋದ ತನ್ನ ಹುಂಜ ಹುಡುಕುತ್ತಾ ಕೇರಿಯೆಲ್ಲ ಸುತ್ತುವ ಸಾಕವ್ವ ಅನ್ನೋ ಅಜ್ಜಿ. ಮನೆಮಂದಿಯೆಲ್ಲ ಕೂತು ಕಡಲೆಕಾಯಿ ತಿನ್ನುವ ಒಂದು ರಾತ್ರಿ ಇದೆ ಅದರಲ್ಲಿ. ಹಸಿವು ಅಂದರೇನು, ಖುಷಿ ಅಂದರೇನು ಎರಡೂ ಆ ಪುಟಗಳಲ್ಲಿ ಗೊತ್ತಾಗುತ್ತೆ. ಮಾತು ನಮ್ಮ ಮೈಸೂರು ಸೀಮೆಯ ಹಳ್ಳಿಯದ್ದು. ಮೊದಲ ನಾಲ್ಕು ಪುಟ ತೊಡಕಾದರೆ ಬಾಯಿಬಿಟ್ಟು ಓದಮ್ಮ. ಕಣ್ಣಿಗೆ ಸಿಗದ ಮಾತು ಕಿವಿಗೆ ಸಿಗುತ್ತೆ. ಓದಿ ಹೇಳೋಕೆ ನಿಂಗೆ ತಾತ ಬೇರೆ ಇದ್ದಾರೆ.

ಹೊಸದುರ್ಗದ ಹುಡುಗಿ:

ಮೇಷ್ಟ್ರೇ, ನಿಜ, ಮುನ್ನುಡಿ ಓದಿರಲೇ ಇಲ್ಲ. ಶನಿವಾರ ಮಧ್ಯಾಹ್ನ ಲೈಬ್ರರಿಗೆ ಹೋಗಿ ಅಲ್ಲೇ ನಿಂತು ಓದಿದೆ. ಮೂರು ಹೆಸರೂ ನೀವು ಹೇಳಿದ ಹಾಗೇ ಇದ್ದವು. ಇಷ್ಟು ದಿನ ಅವರು ಹೇಳ್ತಾನೇ ಇದ್ದರು, ನಾನು ಪುಟ ತಿರುಗಿಸಿ ಹೋಗಿದ್ದೆ.

ಧಾರವಾಡದ ಅಕ್ಕಾ, ಚಿದಂಬರ ರಹಸ್ಯ ನಿನ್ನೆ ಶುರು ಮಾಡಿದೆ. ಅರವತ್ತು ಪುಟ ಆಯ್ತು. ನಿಮ್ಮ ಮಾತು ಕೇಳಿದ್ದು ಒಳ್ಳೇದಾಯ್ತು. ನಂಜನಗೂಡಿನ ಅಣ್ಣ, ಒಡಲಾಳ ನಮ್ಮಲ್ಲಿ ಇಲ್ಲ. ಲೈಬ್ರರಿ ಸರ್ ಚಿತ್ರದುರ್ಗದಿಂದ ತರಿಸ್ತೀನಿ ಅಂದಿದ್ದಾರೆ.

ಬೆಟ್ಟದ ಜೀವ ಸಿಕ್ಕಿತು, ಕೆಳಗಿನ ಸಾಲಲ್ಲಿ, ಧೂಳು ಒರೆಸಿ ಕೊಟ್ಟರು. ದಿನಾ ರಾತ್ರಿ ಊಟ ಆದ ಮೇಲೆ ತಾತನಿಗೆ ಓದಿ ಹೇಳ್ತಿದ್ದೀನಿ. ಈಗ ತಾತನೇ ಮೊದಲು ಜಗಲಿಗೆ ಬಂದು ಲೈಟ್ ಹಾಕಿ ಕೂತಿರ್ತಾರೆ. ನಿನ್ನೆ ಪುಸ್ತಕ ಮುಚ್ಚಿದಾಗ, 'ಆ ಮಗ ತಿರುಗಿ ಬರ್ತಾನಾ ಇಲ್ವಾ, ಅದನ್ನೊಂದು ಹೇಳಿಬಿಡು' ಅಂದರು. ನಾನೂ ಮುಂದೆ ಓದಿಲ್ಲ ತಾತ, ನಾಳೆ ಇಬ್ಬರೂ ನೋಡೋಣ ಅಂದೆ.