ಸಹಾಯ ಬೇಕು: ಪ್ರಾರ್ಥನೆಯ ಐಕಾನ್‌ಗೆ ಹಲಗೆ ಸಿದ್ಧಪಡಿಸುವ ಬಗ್ಗೆ

ಮಾನ್ಯರೇ,

ಮುಂದಿನ ತಪಸ್ಸುಕಾಲದ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳ) ಧ್ಯಾನಕ್ಕಾಗಿ, ರಷ್ಯಾದ ಚಿತ್ರಕಾರ ಆಂದ್ರೇಯ್ ರುಬ್ಲ್ಯೋವ್ 15ನೆಯ ಶತಮಾನದಲ್ಲಿ ಚಿತ್ರಿಸಿದ ‘ತ್ರಿತ್ವ’ದ ಮಾದರಿಯಲ್ಲಿ ಒಂದು ಐಕಾನ್ (ಮರದ ಹಲಗೆಯ ಮೇಲೆ ಬರೆಯುವ ಪವಿತ್ರ ಚಿತ್ರ) ರಚಿಸಬೇಕೆಂದಿದ್ದೇನೆ. ಬೈಬಲಿನ ಅಬ್ರಹಾಮನಲ್ಲಿಗೆ ಬಂದ ಮೂವರು ದೇವದೂತರು ಮೇಜಿನ ಸುತ್ತ ಕುಳಿತು, ಎದುರಿನ ಬದಿಯನ್ನು ನೋಡುವವರಿಗೇ ಬಿಟ್ಟುಕೊಟ್ಟಂತಿರುವ ಆ ಚಿತ್ರದ ಮುಂದೆ ಮೌನವಾಗಿ ಕುಳಿತಾಗ ಪ್ರಾರ್ಥನೆಗೆ ಬೇರೆ ಮಾತು ಬೇಕೆನಿಸುವುದಿಲ್ಲ. ಮೊಟ್ಟೆಯ ಹಳದಿಯಲ್ಲಿ ಖನಿಜ ಬಣ್ಣಗಳನ್ನು ಕಲಸಿ, ಗಾಢ ವರ್ಣದಿಂದ ಆರಂಭಿಸಿ ಪದರ ಪದರವಾಗಿ ಬೆಳಕಿನ ಕಡೆಗೆ ಸಾಗುವ ಈ ವಿಧಾನದಲ್ಲಿ, ಪ್ರತಿ ಗೆರೆಯೊಂದಿಗೂ ಯೇಸುನಾಮವನ್ನು ಜಪಿಸುವುದು ನನ್ನ ರೂಢಿ.

ತೊಡಕಿರುವುದು ಹಲಗೆಯಲ್ಲಿ. ರಷ್ಯಾದಲ್ಲಿ ಲಿಂಡೆನ್ ಮರದ ಹಲಗೆಗೆ ಬಟ್ಟೆ ಅಂಟಿಸಿ, ಸೀಮೆಸುಣ್ಣದ ಪುಡಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ ಹಲವು ಸಲ ಬಳಿಯುತ್ತಾರೆ. ಮಂಗಳೂರಿನ ಮಳೆಗಾಲದ ತೇವಕ್ಕೆ ನನ್ನ ಹಲಗೆ ಬಾಗಿ, ಲೇಪವು ಅಂಚಿನಿಂದ ಕೂದಲೆಳೆಯಂತೆ ಬಿರುಕು ಬಿಡುತ್ತಿದೆ, ಬೂಷ್ಟೂ ಹಿಡಿಯುತ್ತಿದೆ. ಹಲಸು, ಸಾಗುವಾನಿಗಳಲ್ಲಿ ಯಾವುದು ಹೆಚ್ಚು ಬಾಗದೆ ನಿಲ್ಲುತ್ತದೆ? ಅಂಟು ಕೆಡದಂತೆ ಅದಕ್ಕೆ ಏನನ್ನು ಬೆರೆಸಬೇಕು? ಮೈಸೂರು ಶೈಲಿಯ ಗೆಸ್ಸೋ (ಬಣ್ಣ, ರೇಕುಗಳ ಕೆಳಗೆ ಬಳಿಯುವ ಲೇಪ) ಹಾಗೂ ಚಿನ್ನದ ರೇಕಿನ ಕೆಲಸ ಬಲ್ಲವರು ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ಅಕ್ರಿಲಿಕ್ ಗೆಸ್ಸೋ ಮೊಟ್ಟೆಯ ಬಣ್ಣವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ, ಅದನ್ನು ಬಿಟ್ಟು ಬೇರೆ ದಾರಿ ಸೂಚಿಸಬೇಕೆಂದು ವಿನಂತಿ.